ಜೋಡಿ ಕೊಡದ ಇನ್ನೊಂದು ತುದಿ

ಬೆಟಗೇರಿ
೩೦ ಫೆಬ್ರವರಿ ೨೧೮೭

ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ನಿಮಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟು ಮಾಡಿ ರಜೆ ಎನ್ನುತ್ತೇವೆ. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು, ಯಾವ ಪದ ಆಗಲೇ ಹುಟ್ಟಿತ್ತು, ಯಾವುದು ಹುಟ್ಟಿರಲಿಲ್ಲ ಎಂಬುದು ನನಗೂ ಸರಿಯಾಗಿ ಗೊತ್ತಿಲ್ಲ. ಎಂಬತ್ತು ದಾಟಿದ ಪ್ರತಿಯೊಬ್ಬರಿಗೂ ಇಲ್ಲಿ ಒಂದು ಹಿಂದೋಲೆ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಪತ್ರ, ಬರೆಯುವ ಹಕ್ಕಿದೆ. ಒಂದೇ ಒಂದು. ಉತ್ತರ ಬರುವುದಿಲ್ಲ. ಅದು ಗೊತ್ತಿದ್ದೂ ಹೆಚ್ಚಿನವರು ಮುತ್ತಜ್ಜಿಗೆ ಹಬ್ಬದ ಸಿಹಿ ಮಾದಲಿ ಮಾಡುವ ಬಗೆ ಕೇಳಿ ಬರೆಯುತ್ತಾರೆ. ನಾನು ಜಗಳದ ಬಗ್ಗೆ ಬರೆಯುತ್ತಿದ್ದೇನೆ.

ಶಾಲೆಯ ಗಂಟೆಯಿಂದ ದೀಪ ಹಚ್ಚುವವರೆಗೆ ಮಕ್ಕಳು ಇರುವ ಜಾಗಕ್ಕೆ ನಾವು ಸಂಜೆಮನೆ ಎನ್ನುತ್ತೇವೆ. ನನ್ನ ಮನೆಯ ಎದುರಿಗೇ ಒಂದಿದೆ. ಅರವತ್ತು ಮಕ್ಕಳಿದ್ದಾರೆ, ಆದರೆ ಬೇವಿನ ಮರದ ಗುಬ್ಬಿಗಳ ಸದ್ದೇ ಹೆಚ್ಚು. ಪ್ರತಿ ಮಗುವಿನ ಕೈಯಲ್ಲಿ ಒಂದು ತಣಿಬಳೆ. ಎದೆಬಡಿತ ಏರಿದರೆ, ಮುಷ್ಟಿ ಬಿಗಿದರೆ ಅದು ಸಣ್ಣಗೆ ನಡುಗಿ ಸಿಟ್ಟನ್ನು ಆರಿಸಿಬಿಡುತ್ತದೆ. ನಿನ್ನೆ ಒಬ್ಬ ಹುಡುಗಿ ಕಟ್ಟುತ್ತಿದ್ದ ಮಣ್ಣಿನ ಮನೆಯನ್ನು ಇನ್ನೊಬ್ಬಳು ತುಳಿದಳು. ಬಳೆ ನಡುಗಿತು. ಕಟ್ಟಿದವಳು ಎದ್ದು ಬೇರೆ ಮೂಲೆಗೆ ಹೋಗಿ ಕುಳಿತಳು. ತುಳಿದವಳು ಅತ್ತ ನೋಡಲೂ ಇಲ್ಲ. ಸಂಜೆಯವರೆಗೆ ಇಬ್ಬರೂ ಒಬ್ಬೊಬ್ಬರೇ ಆಡಿದರು. ಇದನ್ನು ಇಲ್ಲಿ ಒಳ್ಳೆಯ ನಡತೆ ಎನ್ನುತ್ತಾರೆ.

ನಾನು ಬೆಳೆದದ್ದು ಬೇರೆ ಸಂಜೆಮನೆಯಲ್ಲಿ, ನಮ್ಮೂರಿಗೆ ಬಳೆ ಇನ್ನೂ ಬಾರದ ಕಾಲದಲ್ಲಿ. ಅದನ್ನು ನಡೆಸುತ್ತಿದ್ದವಳು ಗುರುಬಸವ್ವ, ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ನಾನು ಒಂಬತ್ತು ವರ್ಷದವಳಿದ್ದಾಗ, ಕುಂಟಾಬಿಲ್ಲೆ ಆಡುವಾಗ, ನನ್ನ ಓರಗೆಯ ಮೆಹರೂನ್ ಗೆರೆ ತುಳಿದಳು. ತುಳಿದಿಲ್ಲ ಎಂದಳು. ನಾನು ಅವಳ ತೋಳು ಕಚ್ಚಿದೆ, ಅವಳು ನನ್ನ ಜಡೆ ಹಿಡಿದು ಎಳೆದಳು. ಗುರುಬಸವ್ವ ಮೊದಲು ತೋಳು ತೊಳೆದು ಅರಿಶಿನ ಹಚ್ಚಿದಳು. ನಾವಿಬ್ಬರೂ ಒಟ್ಟಿಗೆ ದೂರು ಹೇಳತೊಡಗಿದಾಗ ಕೈ ಅಡ್ಡ ಹಿಡಿದಳು. "ಯಾರು ಶುರು ಮಾಡಿದ್ರಿ ಅಂತ ನಾ ಕೇಳಂಗಿಲ್ಲ. ಬೇವಿನ ಗಿಡಕ್ಕ ನೀರಿಲ್ಲ. ತರ್ರಿ ಹೋಗ್ರಿ."

ಅಲ್ಲಿ ಜಗಳವಾಡಿದವರಿಗೆ ಜೋಡಿ ಕೊಡ. ಹಿತ್ತಾಳೆಯ ಕೊಡಕ್ಕೆ ಹಗ್ಗ ಕಟ್ಟಿ ಬಿದಿರಿನ ಕೋಲಿಗೆ ತೂಗುಹಾಕಿ, ಒಂದೊಂದು ತುದಿಯನ್ನು ಒಬ್ಬೊಬ್ಬರು ಹೆಗಲ ಮೇಲೆ ಹೊತ್ತು ನಲ್ಲಿಯಿಂದ ಗಿಡದವರೆಗೆ ನಡೆಯಬೇಕು. ಹೆಜ್ಜೆ ಕೂಡದಿದ್ದರೆ ಕೊಡ ಓಲಾಡಿ ನೀರೆಲ್ಲ ನೆಲಕ್ಕೆ. ಅರ್ಧ ಕೊಡ ತಂದರೆ ಮತ್ತೆ ಹೋಗಬೇಕು. ನಾವು ಮೂರು ಸಲ ಮಾತಿಲ್ಲದೆ ಹೋದೆವು, ಮೂರು ಸಲವೂ ಲಂಗ ತೋಯ್ದವು. "ಗಿಡಕ್ಕ ಹಾಕ್ರಿ ಅಂದ್ರ ಓಣಿಗೆಲ್ಲಾ ನೀರ್ ಚಳಾ ಹೊಡ್ಯಾಕತ್ತೀರಲ್ಲಬೇ!" ಎಂದು ಗುರುಬಸವ್ವ ಕಟ್ಟೆಯ ಮೇಲಿಂದ ಕೂಗಿದಳು. ನಾಲ್ಕನೆಯ ಸಲ ಹಿಂದಿನಿಂದ ಮೆಹರೂನ್ ಮೆಲ್ಲಗೆ, "ಎಡಗಾಲು ಮೊದಲು" ಎಂದಳು. ಅಷ್ಟೇ. ಅಂದಿನಿಂದ ನಲವತ್ತು ವರ್ಷ ಅವಳು ನನ್ನ ಜೀವದ ಗೆಳತಿ. ಗೆರೆ ತುಳಿದದ್ದನ್ನು ಮಾತ್ರ ಒಪ್ಪಲಿಲ್ಲ.

ಇದೆಲ್ಲ ಹೇಗೆ ಹೋಯಿತು ಎಂದು ಹಳೆಯ ಕಾಗದಗಳಲ್ಲಿ ಹುಡುಕಿದ್ದೇನೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಯಾರೂ ಕೆಟ್ಟವರಿರಲಿಲ್ಲ. ನಿಮ್ಮ ಕಾಲದಲ್ಲಿ ಯಾರೋ ಒಬ್ಬರು, ಮಕ್ಕಳನ್ನು ಕರೆದೊಯ್ಯಲು ಬರುವ ತಂದೆತಾಯಿಗೆ ಕಾಣಲೆಂದು ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದರು: "ಇಂದು ಜಗಳ: ಸೊನ್ನೆ." ತಂದೆತಾಯಿ ಮೆಚ್ಚಿದರು. ಪಕ್ಕದ ಓಣಿಯವರೂ ಹಾಕಿದರು. ಸೊನ್ನೆ ಉಳಿಸಲು ಮೊದಲು ಜಗಳಗಳನ್ನು ಮುಚ್ಚಿಟ್ಟರು. ಆಮೇಲೆ ಜಗಳವಾಡುವವರನ್ನು ದೂರ ದೂರ ಕೂರಿಸಿದರು, ಆಮೇಲೆ ನಡುವೆ ತಟ್ಟಿ ಕಟ್ಟಿದರು. ಕೊನೆಗೆ ಬಳೆ ಬಂತು. ಮಕ್ಕಳಿಗೆ ನಡತೆ ಕಲಿಸುವುದೆಂದರೆ ಜಗಳ ಆಗದಂತೆ ನೋಡಿಕೊಳ್ಳುವುದು ಎಂದುಕೊಂಡಿರಿ. ಆದ ಜಗಳದಿಂದ ಹೊರಬರುವ ದಾರಿ ತೋರಿಸುವುದು ಎಂದು ನಿಮಗೆ ಯಾರೂ ಹೇಳಲಿಲ್ಲವೇ? ಗುರುಬಸವ್ವನಂಥವರು ನಿಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲವೇ?

ಬೆಟಗೇರಿಗೆ ಬಳೆ ತಂದವಳು ಮೆಹರೂನ್. ಆಗ ಅವಳು ಊರಿನ ಸಂಜೆಮನೆಗಳ ಮೇಲ್ವಿಚಾರಕಿ. ಯಾಕೆಂದು ನಾನು ಹೋಗಿ ಕೇಳಿದೆ. "ಗಿರಿಜಾ, ಜಗಳದಾಗ ಒಂದ್ ಕೂಸಿನ ಹಣಿ ಒಡದೈತಿ. ಅದರ ಅವ್ವಗ ನಾ ಏನ್ ಹೇಳ್ಲಿ?" ಎಂದಳು. ಅವಳ ಸಂಕಟ ಸುಳ್ಳಾಗಿರಲಿಲ್ಲ. ನಾನು ಅದನ್ನು ಕೇಳಿಸಿಕೊಳ್ಳಬೇಕಿತ್ತು. ಬದಲಿಗೆ ಹತ್ತು ಜನರೆದುರು, "ಗುರುಬಸವ್ವನ ಕೈಯಾಗ ಬೆಳದಾಕಿ ನೀ? ನಾಚಿಕಿ ಬರಂಗಿಲ್ಲೇನು?" ಎಂದೆ. ಅವಳ ಮುಖ ಕೆಂಪಾಯಿತು. ತುಟಿ ತೆರೆಯಿತು. ಮಕ್ಕಳಿಗೆ ಮಾದರಿಯಾಗಲೆಂದು ತಾನೂ ಬಳೆ ತೊಟ್ಟಿದ್ದಳು, ಅದು ನಡುಗಿತು. ಮುಖ ತಿಳಿಯಾಯಿತು. "ಆತು ಬಿಡವಾ. ಚಾ ಕುಡದು ಹೋಗು."

ಅದಾಗಿ ಮೂವತ್ತೆರಡು ವರ್ಷ. ಆ ತೆರೆದ ತುಟಿಯಲ್ಲಿ ಇದ್ದ ಮಾತು ಏನೆಂದು ಇಂದಿಗೂ ಗೊತ್ತಿಲ್ಲ. ಬೈಗುಳವಾಗಿದ್ದರೆ ಸಾಕಿತ್ತು, ನಾನೂ ಬೈದು, ಇಬ್ಬರೂ ಅತ್ತು, ಮನೆಗೆ ಹೋಗುತ್ತಿದ್ದೆವು. ಅವಳು ಎರಡು ಓಣಿ ಆಚೆಗೇ ಇದ್ದಾಳೆ. ಎದುರಾದರೆ "ಆರಾಮೇನವಾ?" ಎನ್ನುತ್ತಾಳೆ, ಎಲ್ಲರಿಗೂ ಅನ್ನುವ ಹಾಗೆ. ನಾಲ್ಕು ಬಾರಿ ಕ್ಷಮೆ ಕೇಳಲು ಹೋದೆ. ಅವಳಲ್ಲಿ ಸಿಟ್ಟೇ ಉಳಿದಿಲ್ಲ. ಸಿಟ್ಟಿಲ್ಲದವರ ಹತ್ತಿರ ಕ್ಷಮೆ ಕೇಳುವುದು ಹೇಗೆ? ಬರಬರುತ್ತ ದೊಡ್ಡವರೂ ಬಳೆ ತೊಟ್ಟರು, ಊರಿನಲ್ಲಿ ತೊಡದವಳು ಈಗ ನಾನೊಬ್ಬಳೇ. ಸಭೆಗಳಲ್ಲಿ ಎದ್ದು ಕೂಗಾಡುತ್ತೇನೆ. ಎಲ್ಲರೂ ಮುಗುಳ್ನಗುತ್ತಾರೆ, ನೀರು ತಂದುಕೊಡುತ್ತಾರೆ. ಜಗಳವಾಡಲೂ ಒಬ್ಬರು ಬೇಕು.

ಗುರುಬಸವ್ವ ತೀರಿದ ಮೇಲೆ ಆ ಕೊಡ, ಕೋಲು ನನ್ನ ಪಾಲಿಗೆ ಬಂದವು. ಕಳೆದ ಬೇಸಿಗೆಯಲ್ಲಿ ಎದುರಿನ ಬೇವಿಗೆ ನೀರು ಹಾಕೋಣವೆಂದು ಕೋಲಿನ ಒಂದು ತುದಿಯನ್ನು ಕಾಂಪೌಂಡಿನ ಮೇಲಿಟ್ಟು ಇನ್ನೊಂದನ್ನು ಹೆಗಲಿಗೆ ಕೊಟ್ಟೆ. ಕೊಡ ಮೇಲೆದ್ದಿತು. ಆದರೆ ಗೋಡೆ ನಡೆಯುವುದಿಲ್ಲ. ಮಕ್ಕಳು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರು. ಒಂದು ಮಗುವೂ ನಗಲಿಲ್ಲ.

ನನ್ನ ಬೇಡಿಕೆ ಸಣ್ಣದು. ನಾಳೆ ನಿಮ್ಮಲ್ಲಿ ಯಾರಾದರೂ ಬಾಗಿಲಿಗೆ ಆ ಹಲಗೆ ತಂದರೆ, ಬೇಡ ಎನ್ನಿ. ಇಬ್ಬರು ಮಕ್ಕಳು ಹೊಡೆದಾಡಿದರೆ ಗಾಯ ತೊಳೆಯಿರಿ, ಆಮೇಲೆ ಇಬ್ಬರೂ ಹೊರಬೇಕಾದ್ದನ್ನು ಹೊರಿಸಿ, ಕಾಯಿರಿ. ನೀರು ಚೆಲ್ಲಿದರೆ ಚೆಲ್ಲಲಿ. ನೀವು ಹೀಗೆ ಮಾಡಿದರೆ ಇಲ್ಲಿ ಏನಾದರೂ ಬದಲಾಗುತ್ತದೋ ಇಲ್ಲವೋ, ಹಿಂದೋಲೆ ಕಚೇರಿಯವರಿಗೂ ತಿಳಿಯದು. ಆದರೂ ಇವತ್ತು ಇದನ್ನು ಅಂಚೆಗೆ ಹಾಕಿ ಬಂದು ಕೊಡ ತುಂಬಿಸಿ ಗೇಟಿನ ಬಳಿ ಇಡುತ್ತೇನೆ. ಕೋಲಿನ ಮುಂದಿನ ತುದಿಗೆ ನಾನು ನಿಂತಿರುತ್ತೇನೆ. ಎರಡು ಓಣಿ ಆಚೆಯಿಂದ ಒಬ್ಬಳು ಕೈಯಲ್ಲಿ ಬಳೆಯಿಲ್ಲದೆ, ಕೆಂಪು ಮುಖ ಹೊತ್ತು, ಬೈಯುತ್ತಾ ಬಂದರೆ, ನಿಮ್ಮ ಉತ್ತರ ತಲುಪಿತೆಂದು ತಿಳಿಯುತ್ತೇನೆ. ಗೆರೆ ತುಳಿದಿಲ್ಲವೆಂದು ಅವಳು ಅಂದರೆ ಈ ಸಲ ಒಪ್ಪಿಕೊಳ್ಳುತ್ತೇನೆ.

ಎಡಗಾಲು ಮೊದಲು.

ಗಿರಿಜಾ ಬಣಕಾರ