ಅವಳಿ ಹೊರುವ ಬೆನ್ನು

ಅಕ್ಕಾ,

ನಿನ್ನ ಅವಳಿ ಕೂಸುಗಳಿಗೆ ಚಿಕ್ಕಮ್ಮನ ಮುತ್ತು. ನಾನು ಅಡುಗೆಗೆ ಸೇರಿರುವ ಈ ಕೋತಿ ಆಸ್ಪತ್ರೆಯಲ್ಲಿ ಇವತ್ತು ಕಂಡದ್ದನ್ನು ನಿನಗೆ ಹೇಳಲೇಬೇಕು. ಅಳಿಲಿನಷ್ಟೇ ಗಾತ್ರದ ಹೊರದೇಶದ ಕೋತಿಗಳು, ಅಲ್ಲಿನ ಮಳೆಕಾಡಿನಲ್ಲಿ ಇನ್ನು ಕೆಲವೇ ಉಳಿದಿವೆಯಂತೆ. ಒಂದು ಬಾಣಂತಿಗೂ ಅವಳಿ. ಅದರ ಗಂಡನ ಕಾಲಿಗೆ ಗಾಯವಾಗಿ, ಪಟ್ಟಿ ಕಟ್ಟಲು ಒಳಗೆ ಒಯ್ದಿದ್ದರು. ನಾನು ಹಣ್ಣು ಇಡಲು ಹೋದರೆ, ಹಾಲೂಡಿಸಿದ ತಾಯಿ ಎರಡೂ ಮರಿಗಳನ್ನು ಮೈಯಿಂದ ಕೊಡವಿ ನೆಲಕ್ಕೆ ಕೆಡವಿ ದೂರ ಹೋಗಿ ಕೂತಿತು! "ಅಯ್ಯೋ ಪಾಪಿ, ನೀನೂ ಒಬ್ಳು ತಾಯೇನೇ?" ಎಂದು ಕಿರುಚಿಬಿಟ್ಟೆ.

ಡಾಕ್ಟರಮ್ಮ ಓಡಿಬಂದರು. "ಅವಳನ್ನ ಬೈಬೇಡ. ಇವರಲ್ಲಿ ಹಾಲು ಕೊಡೋದು ತಾಯಿ, ದಿನವಿಡೀ ಹೊರೋದು ಅಪ್ಪ. ಹೊರೋರಿಲ್ಲ ಅಂದ್ರೆ ಅವಳೊಬ್ಬಳ ಕೈಲಾಗಲ್ಲ, ಬಿಟ್ಟೇಬಿಡ್ತಾಳೆ."

ಪಟ್ಟಿಯ ಸಮೇತ ಅಪ್ಪನನ್ನು ತಂದು ಬಿಟ್ಟರು. ಕುಂಟುತ್ತ ಬಂದು ಬೆನ್ನು ಬಗ್ಗಿಸಿತು. ಎರಡೂ ಮರಿಗಳು ಅವುಚಿಕೊಂಡು ಹತ್ತಿದವು. ಸದ್ಯ, ಬದುಕಿವೆ.

ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ನಿಮ್ಮ ಮನೆಗೆ ಕಾರ್ಡು ಬಂದರೆ ಮೊದಲು ಓದುವವರು ಭಾವ ಅಲ್ಲವೇ? ಅದಕ್ಕೇ ಲಕೋಟೆ ಬಿಟ್ಟು ಕಾರ್ಡು ಬರೆದೆ. ಭಾವಾ, ಓದಿ ಆಯ್ತಲ್ಲ, ಇದನ್ನು ಅಕ್ಕನ ಕೈಗೆ ಕೊಟ್ಟು ಮಕ್ಕಳನ್ನು ನೀವು ಎತ್ತಿಕೊಳ್ಳಿ.

ಅವಸರದಲ್ಲಿ,
ತಂಗಿ