ಮೈಕಿನಲ್ಲಿ ಹೇಳಿದ ಅಪ್ಪ

ಪೆರ್ಲ
11-11-2025, ಮಂಗಳವಾರ

ಪ್ರೀತಿಯ ಮಗಳೇ ಯಾಳಿನೀ,

ಮೊದಲು ನಿನ್ನ ಎಡಗಾಲಿನ ಸಮಾಚಾರ ಹೇಳು. ಮೀನಖಂಡದ ನೋವು ಇಳಿಯಿತೋ, ಈಗಲೂ ಬೆಳಿಗ್ಗೆ ಏಳುವಾಗ ಬಿಗಿಯುತ್ತದೋ? ಮಾಮಿ ಕಳಿಸಿದ ಎಣ್ಣೆಯನ್ನು ಹಚ್ಚುತ್ತಿದ್ದೀಯೋ ಅಥವಾ ಅದರ ವಾಸನೆಗೆ ಹೆದರಿ ಹಾಸ್ಟೆಲಿನ ಹುಡುಗಿಯರು ಬಾಟಲಿಯನ್ನು ಕಿಟಕಿಯಿಂದ ಹೊರಗಿಟ್ಟರೋ? ಕಲ್ಲಿಕೋಟೆಯ ಊಟ ನಿನಗೆ ಹಿಡಿಸುತ್ತದೆಂದು ಮಾಮಿ ಹೇಳಿದಳು. ಹಾಗಾದರೆ ಒಳ್ಳೆಯದಾಯಿತು. ಇಲ್ಲಿ ಮಾಮಿಯ ಮಂಡಿನೋವು ಯಥಾಪ್ರಕಾರ. ಮೆಟ್ಟಿಲು ಹತ್ತುವಾಗ ದೇವರನ್ನೂ ಇಳಿಯುವಾಗ ನನ್ನನ್ನೂ ನೆನೆಯುತ್ತಾಳೆ. ನನ್ನ ಗಂಟಲು ಮಾತ್ರ ಎಂದಿನಂತೆ ಗಟ್ಟಿಯಾಗಿಯೇ ಉಂಟು. ಹಾಳಾಗಬೇಕಾದದ್ದು ಹಾಳಾಗುವುದಿಲ್ಲ ನೋಡು.

ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮಾಮಿ ಮಾಡಿದರೆ ಎರಡು ನಿಮಿಷ ಮಾತಾಡುತ್ತಿ, ಹಿಂದಿನಿಂದ ನನ್ನ ಕೆಮ್ಮು ಕೇಳಿದರೆ ಸಾಕು, ಪ್ರಾಕ್ಟೀಸಿಗೆ ಹೊತ್ತಾಯಿತು ಎಂದು ಇಟ್ಟುಬಿಡುತ್ತಿ. ದೂರುತ್ತಿಲ್ಲ ಮಗಳೇ. ನಾನು ಮಾಡಿದ ಕೆಲಸಕ್ಕೆ ಅದು ಕಡಿಮೆಯೇ ಆಯಿತು. ಅದಕ್ಕೇ ಈ ಕಾಗದ. ಮೂವತ್ತೆಂಟು ವರ್ಷ ನಾಟಕದ ಹಲಗೆಯ ಮೇಲೆ ನಿಂತು, ಕೊನೆಯ ಸಾಲಿನಲ್ಲಿ ನಿದ್ದೆ ಹೋದ ಅಜ್ಜಂದಿರನ್ನೂ ಎಬ್ಬಿಸಿ ಕೂರಿಸಿದವನು ನಾನು. ಈಗ ಒಂದು ಬಿಳಿ ಹಾಳೆಯ ಎದುರು ಕೂತು, ಮಾತು ಮರೆತ ಹೊಸ ನಟನ ಹಾಗೆ ಪೆನ್ನು ಕಚ್ಚುತ್ತಿದ್ದೇನೆ. ಪರದೆಯ ಹಿಂದಿನಿಂದ ಮಾತು ಎತ್ತಿಕೊಡಲು ಹರಿನಾಥನೂ ಇಲ್ಲ.

ನೀನು ಈ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪುಂಟು. ಕುಂಬ್ಡಾಜೆಯ ನಮ್ಮ ಎರಡೆಕ್ರೆ ರಬ್ಬರಿಗೆ, ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗಿಗೆಂದು, ನಿನ್ನ ಅಮ್ಮ ತಮಿಳುನಾಡಿನ ಮಂಡಪಂನ ಲಂಕೆಯ ನಿರಾಶ್ರಿತರ ಕ್ಯಾಂಪಿನಿಂದ ಬಂದು ಮೂರು ವರ್ಷ ಆಗಿತ್ತು. ಜ್ವರ ಬಂದ ಐದನೆಯ ದಿನಕ್ಕೆ ಆಕೆ ಹೋದಳು. ಏಳು ವರ್ಷದ ನಿನ್ನನ್ನು ಮಾಮಿ ಸೊಂಟದಲ್ಲಿ ಕೂರಿಸಿಕೊಂಡು ಬಂದಳು, ಕೈಯಲ್ಲಿ ನಿನ್ನ ಅಮ್ಮನ ತಗಡಿನ ಪೆಟ್ಟಿಗೆ. ನೀನು ಅವಳನ್ನು ಮಾಮಿ, ನನ್ನನ್ನು ಮಾಮ ಎಂದು ತಮಿಳಿನಲ್ಲಿ ಕರೆದೆ, ನಮಗೆ ಅದು ತುಳುವಿನಲ್ಲಿಯೇ ಕೇಳಿಸಿತು. ಮಕ್ಕಳಿಲ್ಲದ ಮನೆಯಲ್ಲಿ ಅಷ್ಟು ಸಾಕಾಗಿತ್ತು. ಕಾಗದಪತ್ರದ ಲೆಕ್ಕದಲ್ಲಿ ನೀನು ನಮಗೆ ಯಾರೂ ಅಲ್ಲ, ಈ ದೇಶಕ್ಕೂ ಯಾರೂ ಅಲ್ಲ, ಲಂಕೆಗಂತೂ ನೀನು ಹುಟ್ಟಿದ್ದೇ ಗೊತ್ತಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ಶ್ರೀರಂಜಿನಿ ಟೀಚರ್ ನಿನ್ನ ಕಾಲಿಗೆ ಚೆಂಡು ಕೊಟ್ಟಾಗ, ಜಿಲ್ಲಾ ತಂಡಕ್ಕೆ ಆರಿಸಿದಾಗ ನಾವು ಕುಣಿದದ್ದು ಎಷ್ಟು. ಅದರ ಮರುವರ್ಷ ಹೊರರಾಜ್ಯದ ಪಂದ್ಯಕ್ಕೆ ಹೊರಟ ಬಸ್ಸಿನಿಂದ, ಗುರುತಿನ ಕಾರ್ಡು ಸರಿಯಿಲ್ಲವೆಂದು ನಿನ್ನೊಬ್ಬಳನ್ನೇ ಇಳಿಸಿದರು. ಬೂಟು ಕಳಚದೆ ಜಗಲಿಯಲ್ಲಿ ಕೂತ ನಿನ್ನನ್ನು ನೋಡಿ ನಾನು ಮೊದಲ ಸಲ ಮಾತಿಲ್ಲದೆ ನಿಂತೆ. ಆಗಲೇ ಮೌನ ಕಲಿತಿದ್ದರೆ ಇವತ್ತು ಈ ಕಾಗದ ಬೇಕಾಗುತ್ತಿರಲಿಲ್ಲ.

ಅದಕ್ಕಿಂತ ಹಿಂದಿನ ಇನ್ನೊಂದು ಸಂಜೆಯನ್ನು ಹೇಳಬೇಕು. ನಿನಗೆ ಒಂಬತ್ತು ವರ್ಷ. ಶಾಲೆಯಲ್ಲಿ ಯಾರೋ ನಿನ್ನನ್ನು ಬೋಟಿನಲ್ಲಿ ಬಂದ ಭಿಕ್ಷುಕಿ ಎಂದಿದ್ದರು, ನಿನ್ನ ಅಪ್ಪ ಯಾರೆಂದು ಕೇಳಿ ನಕ್ಕಿದ್ದರು. ನೀನು ಅಳುತ್ತ ಬಂದಾಗ ನಾನು ನಾಟಕಕ್ಕೆ ಹೊರಟು ನಿಂತಿದ್ದೆ. ಮುಖಕ್ಕೆ ಬಣ್ಣ, ತಲೆಗೆ ಕಿರೀಟ. ನಿನ್ನನ್ನು ತೊಡೆಯ ಮೇಲೆ ಕೂರಿಸಿ, ನಿನ್ನ ಅಪ್ಪ ಲಂಕೆಯ ಕಾಡಿನಲ್ಲಿ ಬಂದೂಕು ಹಿಡಿದು ಹೋರಾಡಿದ ಕತೆ ಹೇಳಿದೆ. ಗುಂಡು ಮುಗಿದ ಮೇಲೂ ಹಿಂದೆ ಸರಿಯಲಿಲ್ಲ ಎಂದೆ. ನೀನು ಅಳು ನಿಲ್ಲಿಸಿದೆ. ನನ್ನ ಗಲ್ಲದ ಬಣ್ಣ ನಿನ್ನ ಕೈಗೆ ಅಂಟಿಕೊಂಡಿತ್ತು. ಮರುದಿನ ಶಾಲೆಯಲ್ಲಿ ಹುಡುಗರ ನಡುವೆ ನುಗ್ಗಿ ಚೆಂಡು ಕಸಿದುಕೊಂಡೆಯಂತೆ. ಆಮೇಲೆ ಪ್ರತಿ ಪಂದ್ಯದ ಮೊದಲು ನೀನು ಆ ಕತೆಯನ್ನೇ ಕೇಳುತ್ತಿದ್ದೆ, ನಾನು ಪ್ರತಿ ಸಲ ಒಂದು ಬೆಟ್ಟ, ಒಂದು ಹೊಳೆ ಜಾಸ್ತಿ ಮಾಡಿ ಹೇಳುತ್ತಿದ್ದೆ.

ಇನ್ನು ಕಳೆದ ಫೆಬ್ರವರಿಯ ಆ ಫೈನಲ್. ಏಳೇಳು ಮಂದಿಯ ಸೆವೆನ್ಸ್ ಫುಟ್‌ಬಾಲ್ ಆಟ, ಸುತ್ತ ಗ್ಯಾಲರಿ, ಮೂರು ಸಾವಿರ ಜನ, ಮೈಕು ನನ್ನ ಕೈಯಲ್ಲಿ. ಆಟಗಾರರ ಹೆಸರು ಹೇಳಿ ಬಿಡುವುದು ನನ್ನ ಪದ್ಧತಿಯಲ್ಲ ಎಂದು ನಿನಗೆ ಗೊತ್ತುಂಟು. ಪ್ರತಿಯೊಬ್ಬರಿಗೂ ರಂಗಪ್ರವೇಶ ಬೇಕು, ಪೀಠಿಕೆ ಬೇಕು, ಜನ ಅದಕ್ಕೆಂದೇ ಬರುತ್ತಾರೆ. ವರ್ಕಾಡಿಯ ಗೋಲ್‌ಕೀಪರಿಗೆ ಕೋಟೆಯ ಬಾಗಿಲು ಎಂದೆ, ಚಪ್ಪಾಳೆ ಬಿತ್ತು. ನಿನ್ನ ಸರದಿ ಬಂದಾಗ ನನಗೆ ಮೈಮೇಲೆ ಬಂದಂತಾಯಿತು. ಮನೆಯೊಳಗೆ ನಿನಗೊಬ್ಬಳಿಗೇ ಹೇಳಿದ್ದನ್ನು ಮೂರು ಸಾವಿರ ಮಂದಿಗೆ ಹೇಳಿದೆ. ರಣರಂಗದಲ್ಲಿ ಮಡಿದ ಯೋಧನ ಮಗಳು ಇಗೋ ಪೆರ್ಲದ ಮಣ್ಣಿನಲ್ಲಿ ಕಾಲಿಡುತ್ತಿದ್ದಾಳೆ ಎಂದು ಕೂಗಿದೆ. ಜನ ಎದ್ದು ನಿಂತರು. ನೀನು ಎರಡು ಗೋಲು ಹೊಡೆದೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಊರೂರಿಗೆ ಹಂಚಿದರು. ಅದನ್ನು ನೋಡಿಯೇ ಕಲ್ಲಿಕೋಟೆಯ ಕ್ಲಬ್ಬಿನ ಕೋಚ್ ನಿನ್ನನ್ನು ಹುಡುಕಿಕೊಂಡು ಬಂದರು. ಹಾಗಾಗಿ ಹಲವು ತಿಂಗಳು ನಾನು ಊರಿಡೀ ಎದೆ ಉಬ್ಬಿಸಿಕೊಂಡು ತಿರುಗಿದೆ. ನನ್ನ ಒಂದು ಪೀಠಿಕೆ ನಿನಗೆ ಕೆಲಸ ಕೊಡಿಸಿತು ಎಂದು ಮುದ್ದಣ್ಣನ ಅಂಗಡಿಯಲ್ಲಿ ಕೇಳದವರಿಗೂ ಹೇಳಿದೆ.

ಅದೇ ಪೀಠಿಕೆ ನಿನ್ನ ಕಾಲಿಗೆ ಹಗ್ಗ ಹಾಕಿತು. ಕ್ಲಬ್ಬಿನವರು ಎರಡು ವರ್ಷದ ಕರಾರು ಸಿದ್ಧ ಮಾಡಿ, ನಿರಾಶ್ರಿತೆಯಾದ ನಿನಗೆ ಆಡಲು ಅನುಮತಿ ಕೇಳಿ ಸರಕಾರಕ್ಕೆ ಬರೆದಾಗ, ಆ ವಿಡಿಯೋ ಅಲ್ಲಿಗೂ ತಲುಪಿತ್ತು. ಲಂಕೆಯಲ್ಲಿ ಬಂದೂಕು ಹಿಡಿದವರೆಂದರೆ ಇಲ್ಲಿ ನಿಷೇಧಿಸಿದ ಸಂಘಟನೆಯವರು, ಅಂಥವನ ಮಗಳಿಗೆ ಅನುಮತಿ ಸಿಗುವುದು ಕಷ್ಟ. ಸೆಪ್ಟೆಂಬರಿನಲ್ಲಿ ಮಫ್ತಿಯ ಪೊಲೀಸರೊಬ್ಬರು ಮನೆಗೆ ಬಂದರು. ನೀನು ಆಗ ಕಲ್ಲಿಕೋಟೆಯಲ್ಲಿದ್ದೆ. ಜಗಲಿಯಲ್ಲಿ ಹರಿನಾಥ, ಮುದ್ದಣ್ಣ, ಇನ್ನೂ ನಾಲ್ಕೈದು ಮಂದಿ ಕೂತಿದ್ದರು. ಆ ಮನುಷ್ಯ ಮೊಬೈಲ್ ತೋರಿಸಿ, ಮಲಯಾಳದಲ್ಲಿ ಅಣ್ಣಾ ಎಂದು ಕರೆದು ಬಹಳ ಮರ್ಯಾದೆಯಿಂದ ಕೇಳಿದರು. "ಸುಕುಮಾರೇಟ್ಟಾ, ಇದು ನಿಜ ಸಂಗತಿಯಾ, ಅಲ್ಲ ನಾಟಕದ ಡೈಲಾಗಾ?" ಅಷ್ಟು ಅಗಲಕ್ಕೆ ಬಾಗಿಲು ತೆರೆದುಕೊಟ್ಟಿದ್ದರು ಮಗಳೇ. ಡೈಲಾಗು ಎಂದರೆ ಮುಗಿಯುತ್ತಿತ್ತು. ಆದರೆ ಜಗಲಿಯ ಏಳು ಮುಖಗಳು ನನ್ನನ್ನೇ ನೋಡುತ್ತಿದ್ದವು. ಅವರೆದುರು ಸಣ್ಣವನಾಗಲು ನನ್ನಿಂದ ಆಗಲಿಲ್ಲ. ಎದ್ದು ನಿಂತು ಶಾಲು ಸರಿಮಾಡಿ, ಸಂಶಯವೇ ಬೇಡ ಸಾರ್ ಎಂದೆ. ಕೇಳದಿದ್ದರೂ ಇನ್ನೆರಡು ಯುದ್ಧ ಸೇರಿಸಿದೆ. ಅವರು ಎಲ್ಲವನ್ನೂ ಬರೆದುಕೊಂಡು, ಕೊಟ್ಟ ಚಹಾ ಪೂರ್ತಿ ಕುಡಿದು ಹೋದರು. ಅವರ ಬೈಕು ತಿರುವು ದಾಟಿದ ಮೇಲೆ ಹರಿನಾಥ ನನ್ನ ಮುಖ ನೋಡದೆ ಹೇಳಿದ. "ಮಾರಾಯ, ನೀನು ಆ ಹೆಣ್ಣಿನ ಕುತ್ತಿಗೆಗೆ ಮೈಕಿನ ವಯರು ಸುತ್ತಿದಿ."

ಮನೆಯ ಮಾತನ್ನು ಮಾಮ ಊರಿಗೆ ಹಾಕಿದರು ಎಂದು ನಿನಗೆ ನನ್ನ ಮೇಲೆ ಕೋಪ. ಮೊನ್ನೆ ಮಾಮಿಯ ಹತ್ತಿರ ನೀನು ಹೇಳಿದ್ದು ನನ್ನ ಕಿವಿಗೂ ಬಿತ್ತು. ಇಪ್ಪತ್ತನೇ ತಾರೀಕಿಗೆ ಕಚೇರಿಯಲ್ಲಿ ವಿಚಾರಣೆ. ಅಪ್ಪನ ಬಗ್ಗೆ ಕೇಳಿದರೆ ಹೌದು, ಹೋರಾಡಿದರು ಎಂದೇ ಹೇಳುತ್ತೇನೆ, ಕರಾರು ಹೋದರೆ ಹೋಗಲಿ, ಅಪ್ಪನನ್ನು ಅಡಗಿಸಿ ನಾನು ಆಡುವುದಿಲ್ಲ ಎಂದೆಯಂತೆ. ಮಾಮಿ ಫೋನಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯಲ್ಲಿ ಕೂತೆ. ನಿನ್ನ ಹತ್ತಿರ ಒಂದು ಮಾತು ಹೇಳಬೇಕೆಂದೇ ಕೂತವನು, ಅದರ ಸುತ್ತ ನಾಲ್ಕು ಪುಟ ಪ್ರದಕ್ಷಿಣೆ ಹಾಕಿದ್ದೇನೆ. ಕೈ ಮುಂದೆ ಹೋಗುವುದಿಲ್ಲ. ನೀನು ಬೈದರೆ ತಡೆದುಕೊಂಡೇನು. ನೀನು ಸುಮ್ಮನೆ ಕೂತುಬಿಟ್ಟರೆ ಎಂಬುದೇ ನನ್ನ ಹೆದರಿಕೆ.

ಕಾಲು ಜೋಪಾನ. ಹಸಿದುಕೊಂಡು ಓಡಬೇಡ. ಶ್ರೀರಂಜಿನಿ ಟೀಚರ್ ಕೇಳಿದ್ದೇನೆಂದು ಹೇಳಲು ಹೇಳಿದ್ದಾರೆ. ನಮ್ಮಿಬ್ಬರ ಆಯುಷ್ಯದಲ್ಲಿ ಉಳಿದದ್ದೆಲ್ಲ ನಿನ್ನ ಎರಡು ಕಾಲಿಗೆ ಸೇರಲಿ.

ನಿನ್ನ ಮಾಮ,
ಸುಕುಮಾರ

ತಾ.ಕ.: ಕವರು ಅಂಟಿಸುವ ಮೊದಲು ಮಾಮಿ ಓದಿದಳು. ಕನ್ನಡಕ ತೆಗೆದು, "ಇಷ್ಟುದ್ದ ಬರೆದಿರಿ, ಹೇಳಬೇಕಾದದ್ದು ಎಲ್ಲಿ ಉಂಟು?" ಎಂದಳು. ಅಂಚೆಯವನು ಹೋಗಲು ಅರ್ಧ ಗಂಟೆ ಉಂಟು. ಬರೆಯುತ್ತೇನೆ. ಯಾಳಿನೀ, ಆ ಕತೆ ಸುಳ್ಳು. ಬೇರು ಸಮೇತ ಸುಳ್ಳು. ಅಳುತ್ತಿದ್ದ ನಿನ್ನನ್ನು ಸುಮ್ಮನಾಗಿಸಲು ನಾನು ಕಟ್ಟಿದ್ದು. ನಿನ್ನ ಅಪ್ಪ ಬಂದೂಕು ಮುಟ್ಟಿದವನಲ್ಲ. ಮನೆಗೊಬ್ಬ ಗಂಡಸು ಯುದ್ಧಕ್ಕೆ ಬರಬೇಕೆಂದು ಬಂದೂಕಿನವರು ಕರೆಯಲು ಬಂದಾಗ, ಹೋಗಲಾರೆನೆಂದು ನಿನ್ನ ಅಮ್ಮನ ಕೈಹಿಡಿದು ಬೋಟು ಹತ್ತಿದವನು. ದಾರಿಯಿಡೀ ವಾಂತಿ ಮಾಡಿಕೊಂಡು ಅತ್ತನಂತೆ. ಮಂಡಪಂ ಕ್ಯಾಂಪಿನಲ್ಲಿದ್ದು ಗೋಡೆಗಳಿಗೆ ಪೇಂಟು ಹೊಡೆಯುವ ಕೆಲಸ ಮಾಡುತ್ತಿದ್ದ. ನಿನಗೆ ಮೂರು ವರ್ಷ ಆಗಿದ್ದಾಗ ರಾಮನಾಥಪುರದಲ್ಲಿ ಎರಡನೇ ಮಾಳಿಗೆಯ ಗೋಡೆಗೆ ಕಟ್ಟಿದ ಮರದ ಸಾರದಿಂದ ಬಿದ್ದು ತೀರಿಹೋದ. ಆಸ್ಪತ್ರೆಯ ಚೀಟಿ ಇದೇ ಕವರಿನೊಳಗೆ ಉಂಟು. ಹೆಸರು, ಕೆಲಸ, ಬಿದ್ದ ದಿನ ಎಲ್ಲ ಬರೆದಿದ್ದಾರೆ. ನಿನ್ನ ಅಮ್ಮನ ಪೆಟ್ಟಿಗೆಯಲ್ಲಿತ್ತು. ಕತೆ ಹೇಳಿದ ಆ ಸಂಜೆಯೇ ನಾನು ಅದನ್ನು ತೆಗೆದು ನನ್ನ ಬಣ್ಣದ ಪೆಟ್ಟಿಗೆಯ ಅಡಿಗೆ ಹಾಕಿದೆ, ನಿನ್ನ ಕಣ್ಣಿಗೆ ಬೀಳದಿರಲಿ ಎಂದು. ಹನ್ನೊಂದು ವರ್ಷ ಆಯಿತು. ನಿನ್ನೆ ಸ್ಟೇಶನಿಗೆ ಹೋಗಿ ನಾನು ಹೇಳಿದ್ದು ಸುಳ್ಳೆಂದು ಬರೆದು ಸಹಿ ಹಾಕಿದ್ದೇನೆ. ಆ ಮನುಷ್ಯ ಓದಿ, ಅಂದಿನದ್ದು ಸುಳ್ಳೋ ಇಂದಿನದ್ದು ಸುಳ್ಳೋ ಎಂದು ಕೇಳಿದರು. ನನ್ನ ಮಾತಿಗೆ ಬೆಲೆ ಹೋಯಿತು, ಆದ್ದರಿಂದ ಚೀಟಿಯನ್ನೇ ತೋರಿಸು. ಬೇರೆ ಯಾವುದನ್ನೂ ಹೇಳಬೇಡ. ಕುಂಬ್ಡಾಜೆಯಲ್ಲಿ ರಬ್ಬರ್ ಹಾಲು ಸೋಸುತ್ತ ನಿನ್ನ ಅಮ್ಮ ಒಮ್ಮೆ ನನ್ನ ಹತ್ತಿರ ನಗುತ್ತ ಹೇಳಿದ್ದಳು. "ಅವರಿಗೆ ಹೆದರಿಕೆ ಜಾಸ್ತಿ ಅಣ್ಣಾ, ಅದಕ್ಕೇ ನಾವು ಉಳಿದೆವು." ಈ ಮಾತು ನಿನಗೆ ಸೇರಬೇಕಾದದ್ದು. ನಾಟಕಕ್ಕೆ ಸಾಲದೆಂದು ನಾನೇ ಇಟ್ಟುಕೊಂಡೆ.