ಅವ್ವ ಬ್ಯಾಡ ಅಂದ್ಲು

ಸಂಖ, ತಾ. ಜತ್ತ, ಜಿ. ಸಾಂಗಲಿ
೫ ಮೇ ೨೦೨೬, ಮಂಗಳವಾರ

ಮಗನೇ ವಿಜಯಕುಮಾರ,

ಆಶೀರ್ವಾದವನ್ನು ಈ ಕಾಗದದ ಕೊನೆಗೆ ಇಟ್ಟಿದ್ದೇನೆ. ಪೂರ್ತಿ ಓದಿದರೆ ಸಿಗುತ್ತದೆ, ನಡುವೆ ಮಡಿಚಿಟ್ಟರೆ ಇಲ್ಲ. ಮೊದಲು ನಿನ್ನ ಆರೋಗ್ಯ ಹೇಗಿದೆ ಎಂದು ತಿಳಿಸು. ಮಿರಜದ ಆ ಕೋಲ್ಡ್ ಸ್ಟೋರೇಜಿನ ಒಳಗೆ ಹೋಗುವಾಗ ಸ್ವೆಟರ್ ಹಾಕಿಕೊಳ್ಳುತ್ತೀಯೋ ಇಲ್ಲವೋ? ಒಳಗೆ ಥಂಡಿ, ಹೊರಗೆ ಬೆಂಕಿ, ದಿನಕ್ಕೆ ಇಪ್ಪತ್ತು ಸಲ ಹೀಗೆ ಒಳಗೆ ಹೊರಗೆ ಮಾಡಿದರೆ ಎದೆಯಲ್ಲಿ ಕಫ ಕಟ್ಟುತ್ತದೆ. ಸೊಂಟದ ನೋವು ಕಡಿಮೆಯಾಯಿತೇ? ಖಾನಾವಳಿಯಲ್ಲಿ ಎಣ್ಣೆ ತೇಲುವ ಪಲ್ಯ ಬಿಟ್ಟು ಮಜ್ಜಿಗೆ ಕೇಳಿ ಹಾಕಿಸಿಕೋ. ಮಿರಜಕ್ಕೆ ಗಾಡಿ ಹೊಡೆಯುವ ಅಣ್ಣಾರಾಯನ ಕೈಯಲ್ಲಿ ಈ ಕಾಗದದ ಜೊತೆ ಶೇಂಗಾ ಹಿಂಡಿಯನ್ನೂ ಕಡಕ್ ರೊಟ್ಟಿಯನ್ನೂ ಕಳಿಸಿದ್ದೇನೆ. ಸಿಟ್ಟಿನಲ್ಲಿ ಕುಟ್ಟಿದ ಚಟ್ನಿಯಾದರೂ ಉಪ್ಪು ಸರಿಯಾಗಿಯೇ ಇದೆ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ‘ಅವ್ವಾ, ಗಾಡಿ ಬಂದೈತಿ, ಆಮ್ಯಾಲೆ ಮಾಡ್ತೇನಿ’ ಎಂದು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಅದೂ ಅಲ್ಲದೆ ನಮ್ಮ ಮನೆಯಲ್ಲಿ ಸ್ಪೀಕರ್ ಹಾಕಿಯೇ ಮಾತಾಡುವ ರೂಢಿ. ಕಿವಿ ಮಂದವಾದ ನಿಮ್ಮ ಅಪ್ಪ ಹಾಕಿಕೊಟ್ಟದ್ದು. ನಿನಗೆ ಬೈದರೆ ಓಣಿಗೆಲ್ಲ ಕೇಳುತ್ತದೆ. ತಿಕೋಂಡಿಯ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವಳು ನಾನು. ಕಾಗದದಲ್ಲಿ ಪುಸ್ತಕದ ಭಾಷೆಯೇ ಬರಬೇಕೆಂದು ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದರು. ಆದ್ದರಿಂದ ಇವತ್ತು ಪುಸ್ತಕದ ಭಾಷೆಯಲ್ಲಿಯೇ ಬೈಯುತ್ತೇನೆ.

ಮೊನ್ನೆ ಭಾನುವಾರ ಸೊಸೆ ನಂದಾಳ ತಂಗಿ ಮೋನಾಲಿ ಸೊಲ್ಲಾಪುರದಿಂದ ಬಂದಿದ್ದಳು. ಆ ಹುಡುಗಿಯ ಬಾಯಿಗೆ ಬಾಗಿಲೇ ಇಲ್ಲ, ನಿನಗೆ ಗೊತ್ತು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದೆವು. ನಗುನಗುತ್ತಲೇ ನನಗೆ ಅಂದಳು: ‘ಅತ್ತಿಯಾರ, ಈ ವರ್ಷರೆ ಅಕ್ಕನ್ನ ಭಾವನ್ನ ಇಬ್ಬರನ್ನೇ ಎಲ್ಲೆರೆ ತಂಪು ಊರಿಗೆ ಕಳಸ್ರಿ. ನೀವು ವರ್ಷಾ ವರ್ಷಾ ಬ್ಯಾಡ ಅಂತೀರಂತ, ಅಕ್ಕ ಈಗ ಕೇಳೂದ ಬಿಟ್ಟಾಳ.’ ನಾನು ನಂದಾಳ ಮುಖ ನೋಡಿದೆ. ಅವಳು ತಟ್ಟನೆ ಎದ್ದು, ತೊಳೆದ ತಾಟನ್ನೇ ಮತ್ತೆ ತೊಳೆಯಲು ಹೋದಳು. ನಾನು ಯಾವಾಗ ಬೇಡ ಅಂದೆ? ನನ್ನನ್ನು ಯಾರು ಕೇಳಿದರು? ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ನುಂಗಿದ್ದು ಯಾಕೆ ಗೊತ್ತೇ? ಆಗ ಬಾಯಿ ಬಿಟ್ಟಿದ್ದರೆ ಬೀಗರ ಹುಡುಗಿಯ ಎದುರು ನನ್ನ ಮಗ ಸುಳ್ಳುಗಾರನಾಗುತ್ತಿದ್ದ. ನಿನ್ನ ಮರ್ಯಾದೆ ಉಳಿಸಲು ನಾನು ಕೆಟ್ಟ ಅತ್ತೆಯಾಗಿ ಎಲೆ ಅಗಿಯುತ್ತ ಕೂತೆ. ಅದಕ್ಕೂ ಸೇರಿಸಿ ಸಿಟ್ಟು ಬಂದಿದೆ.

ಸಂಜೆ ವಿಜಯಶ್ರೀಯನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆ ಹಿಕ್ಕುತ್ತ ಕೇಳಿದೆ. ಹತ್ತು ವರ್ಷದ ಹುಡುಗಿ, ನಿನ್ನ ಮಗಳಾದರೂ ನಿನ್ನ ಹಾಗೆ ಕಟ್ಟಿ ಹೇಳಲು ಇನ್ನೂ ಕಲಿತಿಲ್ಲ. ಮೂರು ಬೇಸಿಗೆ ನಂದಾ ನಿನ್ನನ್ನು ಕೇಳಿದ್ದಾಳಂತೆ, ನಾಲ್ಕು ದಿನ ಮಕ್ಕಳನ್ನು ಬಿಟ್ಟು ಇಬ್ಬರೇ ಹೋಗಿ ಬರೋಣ ಎಂದು. ಮೊದಲ ವರ್ಷ ನೀನು ಅಂದೆಯಂತೆ: ‘ಹುಡುಗ್ರನ್ನ ಯಾರು ನೋಡ್ಕೋಬೇಕು ಅಂತಾಳ ಅವ್ವ.’ ಎಲಾ! ಬೇಸಿಗೆ ಬಂತೆಂದರೆ ನಿನ್ನ ಅಕ್ಕಂದಿರ ಆರು ಮಕ್ಕಳು ನಮ್ಮ ಪಡಸಾಲೆಯಲ್ಲೇ ಉರುಳಾಡುತ್ತವೆ. ಆ ಆರರ ಜೊತೆ ನಿನ್ನ ವಿಜಯಶ್ರೀ, ಮಾಳು ಸೇರಿದರೆ ಯಾರು ಯಾರ ಮಕ್ಕಳೆಂದು ನನಗೆ ಗುರುತೇ ಸಿಗುವುದಿಲ್ಲ, ಎಲ್ಲರಿಗೂ ಒಂದೇ ಬೈಗುಳ. ಎರಡನೆಯ ವರ್ಷ ‘ಅವ್ವಗ ಬಿ.ಪಿ. ಏರ್ತೈತಿ’ ಎಂದೆಯಂತೆ. ಹೋದ ತಿಂಗಳು ದವಾಖಾನೆಯ ನರ್ಸಬಾಯಿ ಪಟ್ಟಿ ಕಟ್ಟಿ ನೋಡಿ ‘ಅಮ್ಮಾ, ನಿಮ್ಮ ಬಿ.ಪಿ. ನನ್ನಕಿಂತ ಚಲೋ ಐತ್ರಿ’ ಅಂದಿದ್ದಾಳೆ. ಇವತ್ತೇನಾದರೂ ಏರಿದ್ದರೆ ಏರಿಸಿದವನು ನೀನು. ಮೂರನೆಯ ವರ್ಷದ್ದು ಕೇಳಿ ಮೈಯೆಲ್ಲ ಉರಿಯಿತು. ‘ಮಕ್ಕಳಿದ್ದವರು ಇಬ್ಬರೇ ತಿರುಗಾಕ ಹೋದ್ರ ಮಂದಿ ನಗತಾರ ಅಂತಾಳ ಅವ್ವ.’ ಮಂದಿಯ ನಗೆಗೆ ನಾನು ಎಂದು ಅಂಜಿದ್ದೇನೆ? ನಿನ್ನ ಮದುವೆಯಲ್ಲಿ ಬೀಗರು ಊಟದ ಪಂಕ್ತಿಗೆ ತಡ ಮಾಡಿದಾಗ ನಾನೇ ಮೊದಲು ಕೂತು ಉಂಡವಳು.

ನಮ್ಮ ಮನೆಗಳ ರೂಢಿ ನನಗೆ ಗೊತ್ತಿಲ್ಲದ್ದೇನಲ್ಲ. ಸೊಸೆ ಇಂಥ ಮಾತನ್ನು ಅತ್ತೆಯ ಎದುರು ಎತ್ತುವುದಿಲ್ಲ. ಗಂಡನ ಕಿವಿಗೆ ಹಾಕುತ್ತಾಳೆ, ಗಂಡ ಒಳಗೆ ಹೋಗಿ ಅವ್ವನನ್ನು ಕೇಳುತ್ತಾನೆ, ಅವ್ವ ಅಂದದ್ದನ್ನು ಹೊರಗೆ ತಂದು ಹೆಂಡತಿಗೆ ಹೇಳುತ್ತಾನೆ. ಎರಡು ಹೆಂಗಸರ ನಡುವೆ ನಿಂತವನು ಒಬ್ಬ ಗಂಡಸು. ಆ ಗಂಡಸು ಒಳಗೆ ಬರದೆಯೇ ಉತ್ತರ ತಯಾರು ಮಾಡಿದರೆ ಇಬ್ಬರಿಗೂ ಗೊತ್ತಾಗುವ ದಾರಿಯೇ ಇಲ್ಲ. ನನ್ನ ಪಾಲಿಗೆ ಏನು ಬಂತು ನೋಡು. ನಂದಾ ಮದುವೆಯಾಗಿ ಬಂದ ಹೊಸತರಲ್ಲಿ ಮುಂಜಾನೆ ಚಹಾದ ಕಪ್ಪಿನ ಕೆಳಗೆ ಒಂದರ ಬದಲು ಎರಡು ಬಶಿ ಇಟ್ಟು ತರುತ್ತಿದ್ದಳು. ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ನನಗೊಂದು ಬಶಿ, ತನಗೊಂದು ಬಶಿ ಸುರಿದು, ಓಣಿಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಮೂರು ವರ್ಷದಿಂದ ಕಪ್ಪನ್ನು ಕಿಟಕಿಯ ಮೇಲಿಟ್ಟು ‘ಚಹಾ ಇಟ್ಟೇನ್ರಿ’ ಎಂದು ಒಳಗೆ ಹೋಗುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ, ಒಂದು ದಿನವೂ ಕೂತಿಲ್ಲ. ನಾನು ಏನೇನೋ ಅಂದುಕೊಂಡೆ. ಅವಳ ಸಾರಿಗೆ ಹುಳಿ ಹೆಚ್ಚಾಯಿತು ಅಂದದ್ದಕ್ಕೋ, ಅವಳ ತವರಿನ ಸೀರೆ ಬಣ್ಣ ಬಿಡುತ್ತದೆ ಅಂದದ್ದಕ್ಕೋ ಎಂದು ನನ್ನ ಬಾಯಿಗೇ ಬೈದುಕೊಂಡೆ. ತಪ್ಪು ಹುಡುಕಿ ಹುಡುಕಿ ಸುಸ್ತಾದೆ. ತಪ್ಪು ಮಿರಜದಲ್ಲಿ ತಂಪಾಗಿ ಕೂತಿತ್ತು.

ನಿನಗೆ ಇದು ಸಣ್ಣ ಮಾತು ಅನಿಸಬಹುದು. ನನಗೆ ಯಾಕೆ ಸಣ್ಣದಲ್ಲ ಎಂದು ಹೇಳುತ್ತೇನೆ, ಇದುವರೆಗೆ ಯಾರಿಗೂ ಹೇಳಿಲ್ಲ. ನೀನು ಹುಟ್ಟುವ ಮೊದಲಿನ ಸಂಗತಿ. ನಿನ್ನ ಅಕ್ಕಂದಿರು ಸಣ್ಣವರು. ನಿಮ್ಮ ಅಪ್ಪ ಶೇಂಗಾ ವ್ಯಾಪಾರಕ್ಕೆ ಕೊಲ್ಹಾಪುರಕ್ಕೆ ಹೋಗಿ ಬರುತ್ತಿದ್ದರು. ಅವರ ಜೊತೆಗಾರ ಸೋಮನಿಂಗಪ್ಪ ಒಮ್ಮೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಪನ್ಹಾಳದ ಗುಡ್ಡದ ಮೇಲೆ ಎರಡು ದಿನ ಇದ್ದು ಬಂದ. ಆಕೆ ಬಂದು ನನ್ನೆದುರು ಕೂತು, ಬೇಸಿಗೆಯಲ್ಲೂ ಗಾಳಿಗೆ ಸೆರಗು ನಿಲ್ಲುವುದಿಲ್ಲ ಎಂದು ಕೈ ಮಾಡಿ ತೋರಿಸಿದಳು. ನನಗೂ ಆಸೆಯಾಯಿತು. ನಿಮ್ಮ ಅಪ್ಪನಿಗೆ ಹೇಳಿದೆ. ಅವರು ಅವ್ವನನ್ನು ಕೇಳುತ್ತೇನೆ ಎಂದು ಒಳಗೆ ಹೋದರು, ಹೋದ ಕಾಲಿನಲ್ಲೇ ಹೊರಗೆ ಬಂದರು. ‘ಅವ್ವ ಬ್ಯಾಡ ಅಂದ್ಲು.’ ಅಷ್ಟೇ. ಅವತ್ತಿನಿಂದ ನನ್ನ ಅತ್ತೆಗೆ, ನಿನ್ನ ಆಯಿಗೆ, ನಾನು ಮುಖ ಕೊಟ್ಟು ಮಾತಾಡಲಿಲ್ಲ. ರೊಟ್ಟಿ ಬಡಿದು ಹಾಕಿದೆ, ಕಾಲು ಒತ್ತಿದೆ, ಪಕ್ಕದಲ್ಲಿ ಕೂರಲಿಲ್ಲ. ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಅಂದಳು: ‘ಮಲಕವ್ವಾ, ನೀ ಒಮ್ಮಿನೂ ಎಲ್ಲೂ ಹೋಗಲಿಲ್ಲಲ್ಲ. ಕೇಳಿದ್ರ ನಾ ಕಳಸತಿದ್ದೆ, ಹುಡುಗ್ರು ನನ್ನ ಹತ್ರ ಇರ್ತಿದ್ವು.’ ಅದಾಗಿ ಒಂಬತ್ತು ದಿನಕ್ಕೆ ಹೋಗಿಬಿಟ್ಟಳು. ನಾನು ಅತ್ತದ್ದು ನೋಡಿ ಊರ ಹೆಂಗಸರು ಎಂಥಾ ಸೊಸಿ ಎಂದು ಹೊಗಳಿದರು. ನಾನು ಯಾಕೆ ಅತ್ತೆನೆಂದು ನನಗೊಬ್ಬಳಿಗೇ ಗೊತ್ತು.

ನಿನ್ನೆ ನಿಮ್ಮ ಅಪ್ಪನನ್ನು ಕಟ್ಟೆಯ ಮೇಲೆಯೇ ಹಿಡಿದು ಕೇಳಿದೆ. ಇಷ್ಟು ವರ್ಷವಾದ ಮೇಲೆ. ಅವರು ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡು ಅಂದರು: ‘ಅವ್ವಗ ಹೆಂಗ ಕೇಳೂದು ಅದನ್ನ? ನಾಚಿಕಿ ಬರ್ತಿತ್ತು.’ ನಾಚಿಕೆಯಂತೆ! ಮೂರು ಮಕ್ಕಳನ್ನು ಹಡೆಸಲು ಇಲ್ಲದ ನಾಚಿಕೆ. ನಿನಗೂ ಅದೇ ಇರಬೇಕು, ಅಪ್ಪನ ಮಗನಲ್ಲವೇ. ನಾಚಿಕೆಯಾದರೆ ನಂದಾಗೆ ನಾಚಿಕೆ ಎಂದೇ ಹೇಳಬೇಕಿತ್ತು. ಅವಳು ನಕ್ಕು, ಬೇರೆ ದಾರಿ ಹುಡುಕುತ್ತಿದ್ದಳು. ನಿಮ್ಮ ನಾಚಿಕೆಯನ್ನು ನಮ್ಮ ತಲೆಗೆ ಕಟ್ಟಿ ಎರಡು ತಲೆಮಾರಿನ ಹೆಂಗಸರನ್ನು ಒಂದೇ ಮನೆಯಲ್ಲಿ ಬೇರೆ ಮಾಡಿದಿರಿ.

ಹೋದ ವರ್ಷ ಕರೆದುಕೊಂಡು ಹೋಗಿದ್ದೆನಲ್ಲ ಎಂದು ಹೇಳಬೇಡ. ಜ್ಯೋತಿಬಾ ದೇವರಿಗೆ ಕ್ರೂಸರ್ ಗಾಡಿ ಮಾಡಿ ಹನ್ನೊಂದು ಮಂದಿಯನ್ನು ತುಂಬಿದೆ. ನೀನು ಡ್ರೈವರನ ಪಕ್ಕ ಕಿಟಕಿಗೆ ಕೂತೆ. ನಂದಾ ಹಿಂದಿನ ಸೀಟಿನಲ್ಲಿ ಮಾಳುವಿನ ವಾಂತಿ ಹಿಡಿಯುತ್ತ ಹೋಗಿ, ಹಿಡಿಯುತ್ತ ಬಂದಳು. ಬಂದ ಮೇಲೆ ‘ಆತಲ್ಲ, ತಿರುಗಿ ಬಂದಂಗಾತು’ ಅಂದವನು ನೀನು.

ಈಗ ಊರು ನಾನೇ ಆರಿಸುತ್ತೇನೆ. ಮಹಾಬಳೇಶ್ವರ ಬೇಡ, ಮೇ ತಿಂಗಳಲ್ಲಿ ಅಲ್ಲಿ ಗಾಡಿಗಳೇ ಇರುತ್ತವೆಯಂತೆ. ನಿಮ್ಮ ಮಾಲೀಕರೂ ಅಲ್ಲಿಗೇ ಹೋಗುತ್ತಾರೆ, ನೀನು ದಿನವಿಡೀ ಅವರ ಹಿಂದೆಯೇ ಓಡಾಡುತ್ತೀ. ಗೋವೆಯಲ್ಲಿ ಬೆವರು. ದೇವರಿದ್ದ ಊರು ಯಾವುದೂ ಬೇಡ, ದೇವರ ಹೆಸರು ತೆಗೆದರೆ ನಿನ್ನ ಅಕ್ಕಂದಿರು ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಪನ್ಹಾಳ ನನ್ನ ಆಸೆ, ನನ್ನ ಸಿಟ್ಟು. ಅದನ್ನು ನಿಮ್ಮ ಗಂಟಿಗೆ ಕಟ್ಟುವುದಿಲ್ಲ. ಹೋದ ವಾರ ಆಧಾರ್ ಕಾರ್ಡ್ ತೆಗೆದುಕೊಡಿ ಎಂದು ನಂದಾ ಹೇಳಿದಾಗ ಅವಳ ಟ್ರಂಕು ತೆರೆದೆ. ಸೀರೆಗಳ ಕೆಳಗೆ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನ ಒಂದು ಹಾಳೆ ಇತ್ತು, ಮೂರು ವರ್ಷದ ಹಿಂದಿನದು. ಹಸಿರು ಗುಡ್ಡ, ಮಂಜು, ತಿರುವಿನಲ್ಲಿ ಒಂದು ರಸ್ತೆ. ಕೆಳಗೆ ಮರಾಠಿಯಲ್ಲಿ ಆಂಬೋಲಿ ಎಂದು ಬರೆದಿತ್ತು. ಬಿಚ್ಚಿ ಬಿಚ್ಚಿ ನೋಡಿ ಮಡಿಕೆಗಳೆಲ್ಲ ಹರಿದಿದ್ದವು. ಆಗ ನನಗೆ ಅರ್ಥವಾಗಿರಲಿಲ್ಲ. ಈಗ ಜತ್ತದ ಬಸ್‌ಸ್ಟ್ಯಾಂಡಿನಲ್ಲಿರುವ ನನ್ನ ತವರಿನ ಅಪ್ಪಾಸಾಹೇಬನಿಗೆ ಫೋನ್ ಮಾಡಿ ಕೇಳಿದೆ. ಮಿರಜದಿಂದ ಕೊಲ್ಹಾಪುರ, ಅಲ್ಲಿಂದ ಆಜರಾ ದಾಟಿ ಘಟ್ಟದ ತಲೆಯ ಮೇಲೆ ಇಳಿಯುವುದು. ಮಂಜು, ಜಲಪಾತ ಮಳೆಗಾಲದಲ್ಲಿ. ಈಗ ಕಾಡಿನ ನೆರಳು, ಕವಳಿ ಹಣ್ಣು. ‘ಸಂಜಿಕ ಹೊದಕಿ ಬೇಕಾಕ್ಕೈತಿ ಅತ್ತಿ’ ಅಂದ. ಮೇ ತಿಂಗಳಲ್ಲಿ ಹೊದಿಕೆ ಬೇಕಾಗುವ ಊರು! ಇನ್ನೇನು ನೋಡುವುದಿದೆ.

ನಿನ್ನೆ ರೂಢಿಯನ್ನು ಬದಿಗಿಟ್ಟು ನಾನೇ ಅಡುಗೆಮನೆಗೆ ಹೋದೆ. ‘ನಂದಾ, ನೀವಿಬ್ಬರ ನಾಕ ದಿನ ಹೋಗಿ ಬರ್ರಿ, ಹುಡುಗ್ರು ನನ್ನ ಹತ್ರ ಇರ್ತಾವ’ ಅಂದೆ. ಅವಳು ತಿರುಗಿ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆ ಬಂತು. ‘ಅವರನ್ನ ಕೇಳ್ತೇನ್ರಿ’ ಅಂದಳು. ನಾನು ಚುಚ್ಚಿ ಮಾತಾಡುತ್ತಿದ್ದೇನೆ ಎಂದುಕೊಂಡಳು, ವಿಜಯಕುಮಾರ. ನಾನು ಒಳ್ಳೆಯ ಮಾತಾಡಿದರೂ ಅವಳಿಗೆ ಚುಚ್ಚುತ್ತದೆ, ಹಾಗೆ ಮಾಡಿಟ್ಟಿದ್ದೀ ನೀನು. ನಿಜವನ್ನು ನಾನೇ ಹೇಳಬಹುದಿತ್ತು. ನಂಬುವುದಿಲ್ಲ, ಅತ್ತೆ ಮಗನ ಮೇಲೆ ಹಾಕಿ ಜಾರಿಕೊಂಡಳು ಎನ್ನುತ್ತಾಳೆ. ನಾನಾದರೂ ಹಾಗೆಯೇ ಅನ್ನುತ್ತಿದ್ದೆ.

ಇಲ್ಲಿಯವರೆಗೆ ಓದಿದ್ದಕ್ಕೆ ಆಶೀರ್ವಾದ ತೆಗೆದುಕೋ: ನಿನ್ನ ಎದೆಗೆ ಥಂಡಿ ತಾಗದಿರಲಿ, ನಿನ್ನ ಹೆಂಡತಿಗೆ ಸ್ವಲ್ಪ ಥಂಡಿ ಸಿಗಲಿ. ಮಕ್ಕಳು ಆರಾಮ ಇವೆ. ನಿಮ್ಮ ಅಪ್ಪ ನಿನ್ನೆಯಿಂದ ನನ್ನ ಕಣ್ಣು ತಪ್ಪಿಸಿ ತಿರುಗುತ್ತಿದ್ದಾರೆ.

ಒಮ್ಮೆಯೂ ಬೇಡ ಅನ್ನದ ನಿನ್ನ ಅವ್ವ,
ಮಲಕವ್ವ

ತಾ.ಕ.: ಬುಧವಾರ ಮುಂಜಾನೆ. ಅಣ್ಣಾರಾಯ ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗಷ್ಟೇ ನಿನ್ನ ಹೆಸರಿನಲ್ಲಿ ನಾನೂ ಒಂದು ಸುಳ್ಳು ಹೇಳಿ ಬಂದೆ. ‘ಅಣ್ಣಾರಾಯನ ಕೈಯಾಗ ಹೇಳಿ ಕಳಿಸ್ಯಾನ, ಶನಿವಾರ ಮಿರಜಕ್ಕ ಬಾ ಅಂತ, ಆಂಬೋಲಿಗೆ ಹೋಗೂನು ಅಂತ’ ಎಂದು ನಂದಾಗೆ ಹೇಳಿದೆ. ‘ಅವರೇ ಅಂದ್ರೇನ್ರಿ?’ ಎಂದು ಎರಡು ಸಲ ಕೇಳಿದಳು. ಅವಳು ಫೋನ್ ಮಾಡಿ ನಿನ್ನನ್ನು ಕೇಳಿಲ್ಲ. ಕೇಳಿದರೆ ಮತ್ತೆ ಇಲ್ಲವಾದೀತೆಂದು ಹೆದರಿಕೆ ಇರಬೇಕು. ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು ಟ್ರಂಕು ತೆರೆದಿದ್ದಾಳೆ. ಶನಿವಾರ ಹನ್ನೊಂದಕ್ಕೆ ಮಿರಜದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಾಳೆ. ನನ್ನ ಸುಳ್ಳನ್ನು ನೀನು ನಿಜ ಮಾಡು. ನಿನ್ನ ಮೂರು ಸುಳ್ಳನ್ನು ಆಜರಾ ಬರುವ ಮೊದಲು ನಿನ್ನ ಬಾಯಿಂದಲೇ ಅವಳಿಗೆ ಹೇಳು. ನೀವು ಮರಳಿ ಬಂದ ಮರುದಿನ ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ. ಚಹಾದ ಕಪ್ಪು ಕಿಟಕಿಯ ಮೇಲೆ ಬಂದರೆ ನೀನು ಹೇಳಿಲ್ಲ ಎಂದು ತಿಳಿಯುತ್ತೇನೆ. ಎರಡು ಬಶಿ ಬಂದರೆ ಹೇಳಿದ್ದೀ. ನನ್ನ ಅತ್ತೆ ಇದೇ ಕಟ್ಟೆಯ ಮೇಲೆ ಮೂವತ್ತೊಂದು ವರ್ಷ ಒಬ್ಬಳೇ ಕೂತು ಚಹಾ ಕುಡಿದಳು.